ಹೆಸರಿಲ್ಲದ ಪುಟ

ಶನಿವಾರ. ಬೇಲೂರಿನಿಂದ ಅರಸೀಕೆರೆಗೆ ಬರುವ ಬಸ್ಸು. ಗೆಳೆಯರೇ, ಕೈಯಲ್ಲಿ ಪುಸ್ತಕವಿತ್ತು, ಓದಿದ್ದು ಮಾತ್ರ ಫೋನು.

ಅನುವಾದಕರ ವಾಟ್ಸಾಪ್ ಗುಂಪೊಂದರಲ್ಲಿದ್ದೇನೆ. ನಾನು ಬರಿಯ ಓದುಗಿ, ಅವರು ತರುತ್ತಿರುವ ಅನುವಾದಿತ ಕಥೆಗಳ ಸಂಕಲನಕ್ಕೆ ಮುನ್ನುಡಿ ಬರೆಯಬೇಕಾದವಳು. ಪ್ರತಿ ಶನಿವಾರ ಅಲ್ಲಿ ಅನುವಾದಕರ ಹೆಸರು ಮುಚ್ಚಿಟ್ಟು ಒಂದು ಪುಟ ಹಾಕುತ್ತಾರೆ, ಉಳಿದವರು ಅಭಿಪ್ರಾಯ ಬರೆಯುತ್ತಾರೆ. ಇಂದಿನ ಪುಟ ಹೊಸಬಳಾದ ಜಾವಗಲ್ಲಿನ ಸವಿತಾಳದ್ದು ಎಂದು ಯಾರೋ ಊಹಿಸಿದರು. ಅಷ್ಟೇ ಸಾಕಾಯಿತು. "ಜೀವವಿಲ್ಲದ ಗದ್ಯ." "ಮೂಲವೇ ಅರ್ಥವಾಗಿಲ್ಲ." ಹಿರಿಯರೊಬ್ಬರು, "ಇವರನ್ನು ಸಂಕಲನದಿಂದ ಕೈಬಿಡೋಣ" ಎಂದರು. ಎಲ್ಲರೂ ಒಪ್ಪಿದರು.

ಹಳೇಬೀಡು ದಾಟುವಾಗ ಗುಂಪು ನಡೆಸುವ ಮೂರ್ತಿಯವರು ಬರೆದರು: "ಅದು ನನ್ನ ಅನುವಾದ."

ನೋಡನೋಡುತ್ತಲೇ ಟೀಕೆಗಳೆಲ್ಲ ಅಳಿಸಿಹೋದವು. "ಎಂಥ ಸಂಯಮದ ಗದ್ಯ ಸರ್!" ಎಂದು ಅದೇ ಹಿರಿಯರು ಬರೆದರು. ಸವಿತಾಳನ್ನು ಕೈಬಿಡುವ ಮಾತನ್ನು ಮಾತ್ರ ಅವರು ಅಳಿಸಲಿಲ್ಲ.

ಸವಿತಾ ಫೋನ್ ಮಾಡಿದಳು. "ನಾನು ಮಾಡ್ದೇ ಇರೋ ಅನುವಾದಕ್ಕೆ ನನ್ನ ತೆಗ್ದಾಕವ್ರೆ ಕಣಕ್ಕ. ನನ್ ಕಥೆ ಯಾರಾದ್ರೂ ಓದವ್ರಾ?"

ಮೂರ್ತಿಯವರನ್ನು ಕೇಳಿದೆ.

"ಬಿಡಿ ಮೇಡಂ, ಎಲ್ಲರೂ ಒಪ್ಪಿ ಆಗೋಗಿದೆ. ಈಗ ಕೆದಕಿದ್ರೆ ಹಿರಿಯರಿಗೆ ಬೇಜಾರಾಗುತ್ತೆ. ನಿಮ್ಮ ಮುನ್ನುಡಿ ಯಾವಾಗ ಕೊಡ್ತೀರಿ?"

"ಅವಳ ಕಥೆ ಓದಿದ್ರಾ?"

"ಟೈಮ್ ಎಲ್ಲಿದೆ ಹೇಳಿ?"

ನಾನು ಓದಿದ್ದೇನೆ, ಮೂಲವನ್ನು ಪಕ್ಕದಲ್ಲಿಟ್ಟುಕೊಂಡು. ಸಂಕಲನದಲ್ಲಿ ಅದಕ್ಕಿಂತ ಒಳ್ಳೆಯ ಅನುವಾದವಿಲ್ಲ. ಅವಳ ಕಥೆಯಿಲ್ಲದಿದ್ದರೆ ನನ್ನ ಮುನ್ನುಡಿಯೂ ಇಲ್ಲ ಎಂದು ತೀರ್ಮಾನಿಸಿದ್ದೇನೆ. ಗುಂಪಿಗೆ ಇನ್ನೂ ತಿಳಿಸಿಲ್ಲ. ನಾಳೆ ಬರೆಯುವಾಗ ಕೆಳಗೆ ದೊಡ್ಡದಾಗಿ ನನ್ನ ಹೆಸರು ಹಾಕುತ್ತೇನೆ. ಹೆಸರಿಲ್ಲದ್ದನ್ನು ಓದುವುದು ಅವರಿಗೆ ಕಷ್ಟ.