ಎತ್ತಿದ ಕೈಗಳಿಗೆ ಹೆದರುತ್ತಿದ್ದ ಮೇಷ್ಟ್ರು

ಹೆದರಿದಾಗ ನಮ್ಮ ಮೇಷ್ಟರ ಎಡಗಣ್ಣಿನ ರೆಪ್ಪೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಹೆದರದ ದಿನವೇ ಕಡಿಮೆ. ನಾಯಿ ಕಂಡರೆ ಹೆದರಿಕೆ, ರೈಲು ಹಳಿ ದಾಟಲು ಹೆದರಿಕೆ, ಹೆಂಡತಿ ತೀರಿಕೊಂಡ ಮೇಲೆ ಸ್ಟೌ ಹಚ್ಚಲೂ ಹೆದರಿಕೆ. ಊರಿಗಾಂನಲ್ಲಿ, ಚಿನ್ನದ ಗಣಿಯ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ್ದ ಮನೆಗಳ ನಮ್ಮ ಲೈನಿನಲ್ಲಿ ಕೊನೆಯ ಮನೆ ಅವರದು. ಮಾರಿಕುಪ್ಪಂ ರೈಲು ಹಿಡಿದು ಬಂಗಾರಪೇಟೆಯ ಕಾಲೇಜಿಗೆ ರಾಜ್ಯಶಾಸ್ತ್ರ ಹೇಳಿಕೊಡಲು ಹೋಗುತ್ತಿದ್ದರು. ನಾನೂ ಅವರ ಕ್ಲಾಸಿನಲ್ಲಿದ್ದೆ.

ಪ್ರಜಾಪ್ರಭುತ್ವದ ಪಾಠವನ್ನು ಅವರು ಶುರು ಮಾಡುತ್ತಿದ್ದುದು ಅದನ್ನು ಹೊಗಳಿದವರಿಂದಲ್ಲ, ಅದಕ್ಕೆ ಹೆದರಿದವರಿಂದ. ಹಳೆಯ ಗ್ರೀಸಿನಲ್ಲಿ ಪ್ರಶ್ನೆ ಕೇಳುತ್ತಿದ್ದ ಒಬ್ಬ ಮುದುಕನಿಗೆ ಊರಿನವರು ಓಟು ಹಾಕಿಯೇ ವಿಷ ಕುಡಿಸಿದ್ದನ್ನು ಹೇಳಿ, "ರಾಜ ತಪ್ಪು ಮಾಡಿದ್ರೆ ಬಯ್ಯೋಕೆ ಒಬ್ಬ ಇರ್ತಾನೆ. ಎಲ್ರೂ ಸೇರಿ ಮಾಡಿದ್ರೆ ಯಾರನ್ನ ಬಯ್ತೀರಾ?" ಎನ್ನುತ್ತಿದ್ದರು.

"ಹಂಗಾದ್ರೆ ಓಟು ಬೇಡ ಅಂತೀರಾ ಸಾರ್?" ಎಂದು ಕೇಳಿದ್ದೆ.

"ಬೇಕಮ್ಮ. ಆದ್ರೆ ಭಯ ಇಟ್ಕೊಂಡೇ ಹಾಕ್ಬೇಕು."

ಲೈನಿನಲ್ಲಿ ಕೈ ಎತ್ತಿ ತೀರ್ಮಾನ ಮಾಡುವ ಪದ್ಧತಿ ತಂದವರೂ ಅವರೇ. ಮೊದಲೆಲ್ಲ ಗಂಟಲು ಜೋರಿದ್ದವರ ಮಾತೇ ನಡೆಯುತ್ತಿತ್ತು. ಇವರು ಬಂದು ನೀರಿನ ಟ್ಯಾಂಕರ್ ಎಲ್ಲಿ ನಿಲ್ಲಬೇಕು, ಚರಂಡಿ ಯಾರು ಬಳಿಯಬೇಕು ಎಲ್ಲಕ್ಕೂ ಕೈ ಎತ್ತಿಸಿದರು. ಹೆಂಗಸರ ಕೈಯೂ ಲೆಕ್ಕಕ್ಕೆ ಬಂತಲ್ಲ ಎಂದು ಅಮ್ಮ ಹಿಗ್ಗಿದ್ದಳು.

ಒಂದು ಬೇಸಿಗೆ ನನ್ನ ಸೋದರಮಾವ ಕಾಮಾಲೆ ಹಿಡಿದು ನಮ್ಮ ಮನೆಗೆ ಬಂದ. ಆಮೇಲೆ ಲೈನಿನ ಇಬ್ಬರು ಮಕ್ಕಳ ಕಣ್ಣೂ ಹಳದಿಯಾಯಿತು. ಸಭೆ ಸೇರಿತು. ನಮ್ಮ ಮನೆಯ ಬಿಂದಿಗೆ ಟ್ಯಾಂಕರ್ ಸಾಲಿಗೆ ಬರಕೂಡದು ಎಂಬುದೇ ವಿಷಯ. ಕೈಗಳು ಎದ್ದವು. ದಿನಾ ನನಗೆ ಜಡೆ ಹಾಕುತ್ತಿದ್ದ ಪಕ್ಕದ ಮನೆ ಅಕ್ಕನ ಕೈಯೂ ಎದ್ದಿತು. ಅಮ್ಮ ನನ್ನ ಮೊಣಕೈ ಹಿಡಿದುಕೊಂಡಳು.

ಮೇಷ್ಟರ ರೆಪ್ಪೆ ಹೊಡೆದುಕೊಳ್ಳತೊಡಗಿತು. "ಇದು ಕೈ ಎತ್ತೋ ವಿಷಯ ಅಲ್ಲ. ಕುಡಿಯೋ ನೀರು" ಎಂದರು.

"ನೀವೇ ಏಳ್ಕೊಟ್ಟಿದ್ದಲ್ವಾ ಸಾರ್, ಜಾಸ್ತಿ ಜನ ಏಳಿದ್ದೇ ಆಗ್ಬೇಕು ಅಂತ?" ಎಂದ ಒಬ್ಬ. "ಈಗ ನಿಮಗ್ ಬ್ಯಾಡ ಅಂದ್ರೆ ಬಿಟ್ಬಿಡಾನಾ?"

ಅವನು ಕೆಟ್ಟವನಲ್ಲ, ಕಾಯಿಲೆ ಬಿದ್ದ ಮಗುವಿನ ಅಪ್ಪ. ನನಗೆ ಹೆಚ್ಚು ಹೆದರಿಕೆಯಾದದ್ದು ಅದಕ್ಕೇ. ತೀರ್ಮಾನ ಹಾಗೇ ನಿಂತಿತು.

ಮಾರನೆಯ ದಿನ ಟ್ಯಾಂಕರ್ ಬಂದಾಗ ಮೇಷ್ಟ್ರು ತಮ್ಮ ಬಿಂದಿಗೆಗಳನ್ನು ಮನೆಯಲ್ಲೇ ಬಿಟ್ಟು ನಮ್ಮವನ್ನು ಸಾಲಿಗಿಟ್ಟರು. "ಇದು ನನ್ನ ಪಾಲಿನ ನೀರು. ಯಾವ ಬಿಂದಿಗೆಗಾದ್ರೂ ಹಿಡೀತೀನಿ." ಆ ಮಗುವಿನ ಅಪ್ಪ ಕಲ್ಲೆತ್ತಿಕೊಂಡ. ಮೇಷ್ಟರ ಕಾಲು ಎಷ್ಟು ನಡುಗುತ್ತಿತ್ತೆಂದರೆ ಪಂಚೆ ಅಲುಗುವುದು ನಮ್ಮ ಬಾಗಿಲಿಗೂ ಕಾಣುತ್ತಿತ್ತು. ಆದರೂ ಕದಲಲಿಲ್ಲ. ಕಲ್ಲು ಬೀಳಲಿಲ್ಲ, ಬಿಂದಿಗೆ ತುಂಬಿತು. ಅಂದಿನಿಂದ ಅವರ ಪಾಲು ನಮಗೆ. ಅವರು ಬಂಗಾರಪೇಟೆಯಿಂದ ರೈಲಿನಲ್ಲಿ ಕ್ಯಾನು ಹೊತ್ತು ತಂದು ಕುಡಿದರು.

ಮಕ್ಕಳು ಚೇತರಿಸಿಕೊಂಡರು, ಮಾವನೂ ಎದ್ದು ಓಡಾಡಿದ. ನಮ್ಮ ಬಿಂದಿಗೆಗಳು ಸದ್ದಿಲ್ಲದೆ ಸಾಲಿಗೆ ಮರಳಿದವು. ಅದಕ್ಕೆ ಸಭೆ ಸೇರಲಿಲ್ಲ, ಯಾರೂ ಕೈ ಎತ್ತಲಿಲ್ಲ. "ತಪ್ಪಾಯ್ತು ಅಂತ ಯಾರೂ ಅನ್ನಲಿಲ್ಲ ಕಣಮ್ಮ. ಮತ್ತೆ ಮಾಡ್ತಾರೆ" ಎಂದರು ಮೇಷ್ಟ್ರು.

ಹೋದ ವರ್ಷ ನಿದ್ದೆಯಲ್ಲೇ ತೀರಿಕೊಂಡರು. ಇಡೀ ಲೈನು ಅತ್ತಿತು. ಕಲ್ಲೆತ್ತಿದವನೇ ಚಟ್ಟಕ್ಕೆ ಹೆಗಲು ಕೊಟ್ಟ. ಮಣ್ಣು ಮಾಡಿ ಬಂದ ಸಂಜೆ ಟ್ಯಾಂಕರ್ ಹಾರನ್ ಹೊಡೆಯಿತು. ನಾನು ಬಿಂದಿಗೆ ಎತ್ತಿಕೊಂಡೆ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ತಡಿ. ಎಲ್ರೂ ನೀರ್ ಇಡ್ಕಂಡ್ ಓಗ್ಲಿ. ನಮಗೋಸ್ಕರ ನಿಂತ್ಕಳಾಕೆ ಈಗ ಮೇಷ್ಟ್ರಿಲ್ಲ. ಇನ್ಮುಂದೆ ನಾವು ಕೊನೇಗೇ ಓಗಾನ."