ಒಳ್ಳೆಯ ಸೇಂದಿಯನ್ನು ಉಗುಳಿದ ಬಾಯಿ

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಲ್ಲಿ ಒಬ್ಬ ಹೆಣ್ಣುಮಗಳು ಬಿಯರ್ ತಯಾರಿಸುತ್ತಾಳೆ ಎಂಬ ಸುದ್ದಿ ಹೇಳಿದವನು ಯಾದಗಿರಿಯಲ್ಲಿ ನನ್ನ ಗಡ್ಡ ಕೆರೆಯುವವನು. ದೊಡ್ಡ ಕಾರ್ಖಾನೆಯಲ್ಲ. ಒಂದು ಹೋಟೆಲಿನ ಹಿಂದೆ ತಗಡಿನ ಶೆಡ್ಡು, ಅದರೊಳಗೆ ನಾಲ್ಕು ಸ್ಟೀಲ್ ಡ್ರಮ್ಮು. ಪರವಾನಗಿಯೂ ಇದೆಯಂತೆ.

"ಜ್ವಾಳದಾಗ ಬಿಯರ್ ಮಾಡ್ಯಾಳಂತ್ರಿ. ಇನ್ನ ರೊಟ್ಟಿ ತಿನ್ನೂದಲ್ಲ, ಕುಡಿಯೂದು ನೋಡ್ರಿ," ಎಂದು ನಕ್ಕ. ನಾನೂ ನಕ್ಕೆ. ಆಮೇಲೆ ಅವಳು ಯಾರ ಮಗಳೆಂದು ಹೇಳಿದ. ಕತ್ತಿ ನನ್ನ ಗಂಟಲ ಮೇಲಿತ್ತು. ಅಲುಗಾಡಬ್ಯಾಡ್ರಿ ಎಂದ.

ಅವಳ ತಂದೆಯನ್ನು ಹಾಳು ಮಾಡಿದವನು ನಾನು. ಈ ಮಾತನ್ನು ನನ್ನ ಹೆಂಡತಿ ಬದುಕಿರುವ ತನಕ ಅವಳಿಗೂ ಹೇಳಲಿಲ್ಲ.

ಮೆಟ್ರಿಕ್ ಮುಗಿಸಿ ಕೆಲಸವಿಲ್ಲದೆ ತಿರುಗುತ್ತಿದ್ದಾಗ ರಾಮಸಮುದ್ರದ ಕಡೆಯ ಒಂದು ಸೇಂದಿ ಅಂಗಡಿಯಲ್ಲಿ ರುಚಿ ನೋಡುವ ಕೆಲಸ ಸಿಕ್ಕಿತ್ತು. ನಸುಕಿನಲ್ಲಿ ಈಚಲು ಮರಗಳಿಂದ ಇಳಿಸಿದ ಸೇಂದಿಯನ್ನು ಗಡಿಗೆಗಳಲ್ಲಿ ತಂದು ಅಂಗಳದಲ್ಲಿ ಸಾಲಾಗಿ ಇಡುತ್ತಿದ್ದರು. ನಾನು ಒಂದೊಂದರಿಂದ ಒಂದು ಗುಟುಕು ಬಾಯಿಗೆ ಹಾಕಿಕೊಳ್ಳಬೇಕು. ನುಂಗಿದರೆ ಆ ಗಡಿಗೆ ಪೀಪಾಯಿಗೆ. ಉಗುಳಿದರೆ ಅದನ್ನು ತಂದವನೇ ಎಲ್ಲರೆದುರು ಅಂಗಳದ ಮೂಲೆಗೆ ಹೋಗಿ ನೆಲಕ್ಕೆ ಸುರಿಯಬೇಕು. ಅದೇ ಪದ್ಧತಿ. ಅದಕ್ಕೆ ಎದುರು ಮಾತಿರಲಿಲ್ಲ. ನನ್ನ ನಾಲಿಗೆ ತಪ್ಪುವುದಿಲ್ಲ ಎಂದು ಸುತ್ತಲ ಹಳ್ಳಿಗಳೆಲ್ಲ ನಂಬಿದ್ದವು. ತಪ್ಪುತ್ತಲೂ ಇರಲಿಲ್ಲ.

ಅಂಗಡಿಯ ಸಾವ್ಕಾರ ಒಂದು ಬೇಸಿಗೆಯಲ್ಲಿ ಸೇಂದಿಗೆ ನೀರು ಬೆರೆಸಿ, ಅಮಲಿಗೆಂದು ಯಾವುದೋ ಬಿಳಿ ಪುಡಿ ಹಾಕಲು ಶುರುಮಾಡಿದ. ಮರ ಹತ್ತುವವರೆಲ್ಲ ಸುಮ್ಮನಿದ್ದರು. ಅವರಲ್ಲಿ ಆ ಹೆಣ್ಣುಮಗಳ ತಂದೆಯೊಬ್ಬ ಮಾತ್ರ ಗಿರಾಕಿಗಳ ಮುಂದೆಯೇ, "ನಾ ತಂದದ್ದರಾಗ ಪುಡಿ ಹಾಕಬ್ಯಾಡ್ರಿ ಸಾವ್ಕಾರ್ರ, ಮಂದಿ ಸಾಯ್ತಾರ," ಎಂದುಬಿಟ್ಟ. ಅವತ್ತು ಮಧ್ಯಾಹ್ನ ಸಾವ್ಕಾರ ನನ್ನನ್ನು ಕರೆದ.

"ನಾಳಿಂದ ಅವನ ಗಡಿಗಿ ಉಗುಳು."

"ಎಷ್ಟ ದಿನ್ರಿ?"

"ಅವನ ಬಾಯಿ ಮುಚ್ಚೂತನಕ."

ಮರುದಿನ ಅವನ ಸೇಂದಿ ಬಾಯಿಗೆ ಹಾಕಿಕೊಂಡೆ. ಆ ರುಚಿ ಇವತ್ತಿಗೂ ಹೇಳಬಲ್ಲೆ. ತಣ್ಣಗೆ, ತೆಳ್ಳಗೆ, ಕೊನೆಯಲ್ಲಿ ಹಸಿ ಕಬ್ಬಿನ ಸಿಹಿ. ಉಗುಳಿದೆ.

ಅವನು ಜಗಳ ತೆಗೆಯಲಿಲ್ಲ. ಹತ್ತಿರ ಬಂದು, "ಏನಾಗ್ಯಾದೋ ಅಣ್ಣಾ ಇದಕ್ಕ?" ಎಂದು ಕೇಳಿದ.

"ಹುಳಿ ಹಿಡದದ."

"ನನಗ ಗೊತ್ತಾಗಲಿಲ್ಲ ನೋಡು. ನಿನಗ ಗೊತ್ತಾಯ್ತು," ಎಂದು ಗಡಿಗೆ ಎತ್ತಿಕೊಂಡು ಮೂಲೆಗೆ ಹೋದ.

ಮರುದಿನ ಗಡಿಗೆಗಳನ್ನು ಸುಣ್ಣದಿಂದ ತೊಳೆದು ತಂದ. ಉಗುಳಿದೆ. ಹೊಸ ಗಡಿಗೆ ತಂದ. ಉಗುಳಿದೆ. ಬೇರೆ ಮರದ್ದು ತಂದ, ಅದನ್ನೂ ಉಗುಳಿದೆ. ಕೆಲಸ ಹೋಗುತ್ತದೆಂಬ ಅಂಜಿಕೆಯಿಂದ ಹಾಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ನಾನು ಉಗುಳಿದ ಕೂಡಲೇ ಇಡೀ ಅಂಗಳ ಸುಮ್ಮನಾಗುತ್ತಿತ್ತು. ಆ ಮೌನ ನನಗೆ ಹಿಡಿಸಿತ್ತು.

ಕೊನೆಗೆ ಅವನು ತನ್ನ ಮರಗಳಿಗೇ ರೋಗ ಬಂದಿದೆ ಎಂದು ತಿಳಿದ. ಉಳಿದವರ ಮರಗಳಿಗೆ ಅದು ಹಬ್ಬಬಾರದೆಂದು ತಾನೇ ಕೊಡಲಿ ಹಿಡಿದು ಎಲ್ಲವನ್ನೂ ಕಡಿದ. ಆಮೇಲೆ ಅದೇ ಅಂಗಡಿಗೆ ಪೀಪಾಯಿ ತೊಳೆಯಲು ಬಂದ. ಪುಡಿ ಹಾಕಬೇಡಿ ಎಂದವನು ಅದೇ ಪುಡಿಯ ನೀರು ಕುಡಿಯುವುದನ್ನು ಕಲಿತ. ಎರಡು ವರ್ಷಕ್ಕೆ ಕೈ ನಡುಗಿ ರೊಟ್ಟಿ ಮುರಿಯಲಾಗುತ್ತಿರಲಿಲ್ಲ. ಮಗಳು ಶಾಲೆಗೆ ಹೋಗುತ್ತಿದ್ದಾಗಲೇ ಸತ್ತ. ಮುಂದೆ ಸರ್ಕಾರ ಸೇಂದಿ ಅಂಗಡಿಗಳನ್ನೇ ಮುಚ್ಚಿಸಿತು. ನಾನು ಮುದನಾಳದ ಹತ್ತಿರ ಒಂದು ಹತ್ತಿ ಮಿಲ್ಲಿನಲ್ಲಿ ಕಾವಲುಗಾರನಾಗಿ ವಯಸ್ಸು ಕಳೆದೆ.

ಆ ಮಗಳೇ ಈ ವರ್ಷ ಗಡ್ಡ ಕೆರೆಯುವವನ ಕೈಯಲ್ಲಿ ನನಗೆ ಹೇಳಿಕಳಿಸಿದಳು. ಹೊಸದೊಂದು ಬಿಯರ್ ಮಾಡಿದ್ದಾಳೆ, ನಾಳೆಯಿಂದ ಮಾರಬೇಕು, ಅದಕ್ಕೂ ಮೊದಲು ನಾನು ರುಚಿ ನೋಡಬೇಕು. ಹೋಗಬಾರದು ಎಂದುಕೊಂಡೆ. ಹೋಗಿ ಎಲ್ಲ ಹೇಳಿಬಿಡಬೇಕು ಎಂದೂ ಅಂದುಕೊಂಡೆ. ಬಸ್ಸು ಹತ್ತಿದೆ.

"ಬರ್ರಿ ಕಾಕಾ, ಕೂಡ್ರಿ," ಎಂದು ಅವಳು ಶೆಡ್ಡಿನಲ್ಲೇ ಕುರ್ಚಿ ಹಾಕಿದಳು. ಹಣೆ ತಂದೆಯದೇ. ಡ್ರಮ್ಮು ತೊಳೆಯುತ್ತಿದ್ದ ಇಬ್ಬರು ಆಳುಗಳಲ್ಲಿ ಒಬ್ಬ, "ಅಕ್ಕಾರ, ಮುತ್ಯಾಗ ಸಣ್ಣ ಗ್ಲಾಸಿನ್ಯಾಗ ಕೊಡ್ರಿ, ಆಮ್ಯಾಲ ನಾವ ಹೊತ್ಕೊಂಡ ಹೋಗಬೇಕಾಗ್ತದ," ಎಂದ. ಎಲ್ಲರೂ ನಕ್ಕರು.

ನಾಲ್ಕು ಗ್ಲಾಸು ಇಟ್ಟಳು, ಪಕ್ಕದಲ್ಲಿ ಉಗುಳಲು ಒಂದು ಬೋಗುಣಿ. ಆ ಬೋಗುಣಿಯನ್ನು ನಾನು ಸ್ವಲ್ಪ ಆಚೆ ಸರಿಸಿದೆ.

ಮೊದಲನೆಯದು ಬಾರ್ಲಿಯದು. ನೊರೆ ದಪ್ಪ, ಬೇವಿನ ಹೂವಿನಂಥ ಹಗುರ ಕಹಿ. ಎರಡನೆಯದು ಮೊಳಕೆ ಕಟ್ಟಿ ಹುರಿದ ಜೋಳದ್ದು. ಹಂಚಿನ ಮೇಲೆ ಅಂಚು ಕಪ್ಪಾದ ರೊಟ್ಟಿಯ ವಾಸನೆ ಅದರಲ್ಲಿತ್ತು. ಮೂರನೆಯದು ಸಜ್ಜೆಯದು, ಸ್ವಲ್ಪ ಒರಟು, ಆದರೆ ಗಂಟಲಿಗೆ ಹಿತ. ಮೂರನ್ನೂ ನುಂಗಿದೆ. ಛಲೋ ಅದಾವ ಎಂದೆ. ಅವಳ ಮುಖ ಅರಳಿತು.

"ಇದು ಈಚಲ ಬೆಲ್ಲದ್ದು ಕಾಕಾ," ಎಂದು ನಾಲ್ಕನೆಯದನ್ನು ಮುಂದೆ ಸರಿಸಿದಳು. "ಅಪ್ಪನ ನೆನಪಿಗಂತ ಮಾಡೀನಿ. ಸ್ವಲ್ಪ ಹುಳಿ ಬಂದದ. ಅದು ಬರಬೇಕಾದ ಹುಳಿಯೋ ಕೆಟ್ಟ ಹುಳಿಯೋ ನನಗ ತಿಳೀವಲ್ದು. ಅಪ್ಪ ಸಾಯೂ ಮುಂದ ಒಂದ ಮಾತು ಹೇಳ್ತಿದ್ದ. ಎಲ್ಲಾರೂ ಸುಳ್ಳ ಹೇಳಬಹುದು, ರುಚಿ ನೋಡೂ ಆ ಮನಿಶ್ಯಾನ ನಾಲಿಗಿ ಸುಳ್ಳ ಹೇಳಂಗಿಲ್ಲ ಅಂತ."

ಗ್ಲಾಸು ಮುಟ್ಟಲಾಗಲಿಲ್ಲ. ಎಲ್ಲ ಹೇಳಿದೆ. ಸಾವ್ಕಾರನ ಮಾತು, ಪುಡಿ, ಹಸಿ ಕಬ್ಬಿನ ಸಿಹಿ, ಕಡಿದ ಮರಗಳಿಗೆ ಯಾವ ರೋಗವೂ ಇರಲಿಲ್ಲ ಎಂಬುದು. ಆಳುಗಳು ನೀರಿನ ಪೈಪು ಬಂದ್ ಮಾಡಿದರು. ಅವಳು ಅಳಲಿಲ್ಲ. ಒಂದೇ ಮಾತು ಕೇಳಿದಳು.

"ಅಪ್ಪ ಮರ ಕಡಿಯೂ ದಿನ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತವ್ವ. ಕೊಡಲಿ ಸಪ್ಪಳ ಅಂಗಡಿತನಕ ಕೇಳಿಸ್ತಿತ್ತು."

ಅವಳು ನಾಲ್ಕನೆಯ ಗ್ಲಾಸು ತೋರಿಸಿದಳು. "ಬಂದ ಕೆಲಸ ಮುಗಸ್ರಿ."

ಒಂದು ಗುಟುಕು ತೆಗೆದುಕೊಂಡೆ. ನಾಲಿಗೆಯ ಹಿಂದೆ ಒದ್ದೆ ಅರಿವೆಯ ವಾಸನೆ, ಅದರ ಬೆನ್ನಿಗೆ ಹರಿತವಾದ ಹುಳಿ. ಕೆಟ್ಟಿತ್ತು. ಅನುಮಾನವೇ ಇರಲಿಲ್ಲ. ತಪ್ಪು ಒಪ್ಪಿಕೊಳ್ಳುವ ಅವಸರದಲ್ಲಿ ನಾನು ಏನು ಮಾಡಿಬಿಟ್ಟೆನೆಂದು ಆಗ ತಿಳಿಯಿತು. ಮೊದಲು ರುಚಿ ಹೇಳಿ ಆಮೇಲೆ ಉಳಿದದ್ದನ್ನು ಹೇಳಿದ್ದರೆ ಅವಳು ನಂಬುತ್ತಿದ್ದಳು. ಈಗ ಒಳ್ಳೆಯದಿದೆ ಎಂದರೆ ಅವಳಿಗೆ ದಯೆಯ ಸುಳ್ಳು, ಕೆಟ್ಟಿದೆ ಎಂದರೆ ಹಳೆಯ ಸುಳ್ಳು. ನುಂಗಿಬಿಡೋಣ ಎನಿಸಿತು. ಬೋಗುಣಿಗೆ ಉಗುಳಿದೆ.

"ಕೆಟ್ಟದವ್ವ."

"ಅಪ್ಪಗೂ ಹಿಂಗ ಅಂದಿದ್ರಿ."

"ಅವತ್ತ ಸುಳ್ಳ ಹೇಳಿದ್ದೆ. ಇವತ್ತ ಖರೇ ಹೇಳಾಕತ್ತೇನಿ."

"ಹೆಂಗ ನಂಬಲಿ?"

ಅವಳು ತಾನೇ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿದಳು. ಅವಳಿಗೆ ತಿಳಿಯಲಿಲ್ಲ. ಎದ್ದುಹೋಗಿ ಕೊನೆಯ ಡ್ರಮ್ಮಿನ ಕೆಳಗೆ ಒಂದು ಬಕೀಟು ಇಟ್ಟಳು.

"ನಿಮ್ಮ ಮಾತ ನಂಬಿ ಚೆಲ್ಲಾಕತ್ತಿಲ್ರಿ. ಮಂದಿಗಿ ಕುಡಸಾಕ ಅಂಜಿಕಿ ಆಗ್ತದ, ಅದಕ್ಕ. ಆದ್ರ ನಾ ಚೆಲ್ಲಂಗಿಲ್ಲ. ನೀವ ಚೆಲ್ರಿ."

ಶೆಡ್ಡಿನ ಹಿಂದೆ ಜಾಲಿಗಿಡದ ಬುಡಕ್ಕೆ ಬಕೀಟು ಬಕೀಟಾಗಿ ಹೊತ್ತು ಸುರಿದೆ. ಆಳೊಬ್ಬ ಕೈಜೋಡಿಸಲು ಬಂದರೆ ಅವಳು ಬೇಡವೆಂದಳು. ಒಮ್ಮೆ ನಾನು ಉಸಿರಿಗಾಗಿ ನಿಂತಾಗ ಬಾಗಿಲಲ್ಲಿ ನಿಂತೇ ಹೇಳಿದಳು: "ಕೆಟ್ಟದ್ದು ಚೆಲ್ಲಾಕ ಇಷ್ಟ ತ್ರಾಸ ಆದ್ರ, ಛಲೋದು ಚೆಲ್ಲಿದವಗ ಎಷ್ಟ ಆಗಿರಬೇಕು." ಕೊನೆಯ ಬಕೀಟು ಮುಗಿದ ಮೇಲೆ ತಿರುಗಿ ನೋಡಿದೆ. ಬಾಗಿಲು ಹಾಕಿತ್ತು.

ಅದು ನಿಜವಾಗಿಯೂ ಕೆಟ್ಟಿತ್ತು. ಇದಕ್ಕೆ ಸಾಕ್ಷಿಯೆಂದರೆ ನನ್ನ ನಾಲಿಗೆ ಒಂದೇ.

ಯಾದಗಿರಿಯ ಬಸ್ಸಿನಲ್ಲಿ ಧೋತರದ ತುದಿಯಿಂದ ಬಿಯರ್ ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿದ್ದವನು ಎದ್ದು ಬೇರೆ ಸೀಟಿಗೆ ಹೋದ. ಕಂಡಕ್ಟರ್ ಮೂಗು ಮುಚ್ಚಿಕೊಂಡು, "ಈ ವಯಸ್ಸಿನ್ಯಾಗೂ ಬಿಟ್ಟಿಲ್ಲೇನ್ ಮುತ್ಯಾ?" ಎಂದ.

ಒಂದು ಯಾದಗಿರಿ ಕೊಡಪ್ಪಾ ಎಂದೆ.