ಬಿಸಲಿನ ಊರಾಗ ನನ್ನ ಉರಿ

ಮುಟ್ಟು ನಿಂತ ಮ್ಯಾಲ ನನ್ನ ಮೈಗೆ ಒಮ್ಮಿಂದೊಮ್ಮೆ ಬೆಂಕಿ ಹತ್ತಿದಂಗ ಆಗಾಕತ್ತಿತ್ತು. ಆದರ ಶಹಾಪುರದಾಗ, ಅದೂ ಬ್ಯಾಸಗ್ಯಾಗ, ಇದನ್ನ ಯಾರ ಮುಂದ ಹೇಳೂದು? "ಊರಿಗೆಲ್ಲಾ ಬಿಸಲು ಅದ, ನಿನಗೊಬ್ಬಾಕಿಗಷ್ಟೇನು?" ಅಂದ್ರು ನನ್ನ ಗಂಡ, ಬರೇ ಬನಿಯನ್ ಹಾಕ್ಕೊಂಡು ಕೂಲರ್ ಮುಂದ ಕುಂತು.

ಸಿಟ್ಟು ಬಂದು ಅವರನ್ನ ಎಳಕೊಂಡು ಯಾದಗಿರಿ ದವಾಖಾನಿಗೆ ಹೋದೆ. ಡಾಕ್ಟರಮ್ಮ, "ಮೈ ಕಾಯ್ತದೇನ್ರಿ? ಬೆವರು ಹರೀತದೇನ್ರಿ?" ಅಂತ ಕೇಳೂದಕ್ಕೂ ಕರೆಂಟ್ ಹೋಗೂದಕ್ಕೂ ಸರಿಹೋತು. ಆಕಿ, ನರ್ಸು, ನನ್ನ ಗಂಡ, ಎಲ್ಲಾರೂ ಬೆವರು ಒರಸಿಕೊಳ್ಳಾಕತ್ತಿದ್ರು.

"ಇಲ್ಲಿ ಯಾರಿಗೆ ಹರಿಯಂಗಿಲ್ರಿ?" ಅಂದೆ.

ಆಕಿ ನಕ್ಕು, ತಪಾಸಣಿ ಎಲ್ಲಾ ಮಾಡಿಸಿ, ಹಾರ್ಮೋನ್ ಗುಳಗಿ ಬರದುಕೊಟ್ಟಳು.

ಕೆಲವು ವಾರದಾಗ ನನ್ನ ಉರಿ ಇಳೀತು. ಊರಿಂದು ಏರಿತು. ನಾ ಒಲಿ ಮುಂದ ಆರಾಮ ಕುಂತು ರೊಟ್ಟಿ ಬಡಿಯೂದು ನೋಡಿ ಗಂಡಗ ತಡಕೊಳ್ಳಾಕ ಆಗಲಿಲ್ಲ.

"ಭಾಳ ಸೆಕಿ ಆಗ್ಯಾದ. ನನಗೂ ಒಂದು ಗುಳಗಿ ಕೊಡು" ಅಂತ ಕೈ ಚಾಚಿದ್ರು.

"ಕೊಡ್ತೀನ್ರಿ," ಅಂದೆ. "ಮೊದಲ ನನ್ನಂಗ ವರ್ಷಾನುಗಟ್ಟಲೆ, ತಿಂಗಳಿಗೊಮ್ಮೆ, ನಿಮ್ಮವ್ವ ತೋರಿಸಿದ ಮೂಲ್ಯಾಗ ಮುಟ್ಟಾಗಿ ಕುಂತು ಬರ್ರಿ."